ಪೆಟ್ರೆಲ್ ಹಡಗಿನ ಕ್ಯಾಪ್ಟನಮ್ಮ

ಫೆಬ್ರವರಿ ೬, ಗುರುವಾರ. ಪ್ಯಾರಮಟ್ಟಾ

ನಮ್ಮ ಕಪ್ತಾನ ರಾಸ್ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ನಲವತ್ತು ವರ್ಷ ಹಡಗಿನ ಹಾಯಿ ಕಟ್ಟುವ ಕೂವೆಮರ ಹತ್ತಿ ಇಳಿದ ಮನುಷ್ಯ, ತನ್ನ ಮನೆಯ ಸೂರಿನ ಮೇಲೆ ಕಟ್ಟಿಕೊಂಡಿದ್ದ ಎಲೆ ತೆಗೆಯಲು ಹೋಗಿ ಬಿದ್ದರು. ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆದರೆ ಆಮೇಲೆ. ಮೊದಲು ಅನ್ನಿಸಿದ್ದು, ಹಾಗಾದರೆ ಪೆಟ್ರೆಲ್‌ಗೆ ಕಪ್ತಾನ ಯಾರು ಅಂತ.

ನಾನು! ಈ ಒಂದು ಪ್ರಯಾಣಕ್ಕೆ ಮಾತ್ರ. ಸಿಡ್ನಿಯಿಂದ ಮೆಲ್ಬರ್ನ್‌ವರೆಗೆ.

ಹಡಗಿನ ಟ್ರಸ್ಟಿನ ಮ್ಯಾನೇಜರ್ ಡಂಕನ್ ಫೋನಿನಲ್ಲಿ ಹೇಳಿದ, "ಸುಮ್ಮನೆ ಮೆಲ್ಬರ್ನ್ ಮುಟ್ಟಿಸಿಬಿಡು, ಲವ್. ಅಲ್ಲಿಂದ ಕೀತ್ ನೋಡಿಕೊಳ್ಳುತ್ತಾನೆ." ಅವನು ಅಂದದ್ದನ್ನು ಕನ್ನಡದಲ್ಲಿ ಬರೆದರೆ ಇನ್ನೂ ಕೆಟ್ಟದಾಗಿ ಕೇಳುತ್ತದೆ. ಕಪ್ತಾನರ ಪರೀಕ್ಷೆಯನ್ನು ಹೋದ ವರ್ಷವೇ ಪಾಸು ಮಾಡಿದ್ದೇನೆ. ಮೆಲ್ಬರ್ನಿನಲ್ಲಿ ಕಪ್ತಾನನಾಗಲಿರುವ ಕೀತ್ ಪೆಟ್ರೆಲ್ ಮೇಲೆ ಕಾಲಿಟ್ಟಿದ್ದು ಒಂದೇ ಒಂದು ಸಲ, ಅದೂ ಕ್ರಿಸ್‌ಮಸ್ ಪಾರ್ಟಿಗೆ.

ನಾನೂ ಬಿಡಲಿಲ್ಲ. ಹದಿನಾರನೇ ತಾರೀಕು ಭಾನುವಾರ ಮೆಲ್ಬರ್ನಿನ ವಿಲಿಯಮ್ಸ್‌ಟೌನ್ ಬಂದರಿನಲ್ಲಿ ಹಡಗುಗಳ ಹಬ್ಬ. ಟ್ರಸ್ಟಿನ ಬೋರ್ಡಿನವರೆಲ್ಲ ದಡದಲ್ಲಿ ನಿಂತಿರುತ್ತಾರೆ. "ಮಧ್ಯಾಹ್ನ ಒಂದಕ್ಕೆ ಸರಿಯಾಗಿ, ಎಲ್ಲ ಹಾಯಿ ಬಿಚ್ಚಿಕೊಂಡು, ಫಿರಂಗಿ ಹಾರಿಸಿಕೊಂಡು ಬಂದರೆ, ಮುಂದೆಯೂ ಹಡಗು ನನಗೇ ಕೊಡುತ್ತೀಯಾ?" ಅಂದೆ. ಡಂಕನ್, "ಬಂದರೆ ಯೋಚಿಸಬಹುದು" ಅಂದ.

ಯೋಚಿಸುವುದಲ್ಲ, ಕೊಡಬೇಕು. ಇನ್ನೂರು ವರ್ಷದ ಹಿಂದಿನ ನೌಕಾಪಡೆಯ ಹಡಗಿನ ನಕ್ಷೆ ನೋಡಿ ಕಟ್ಟಿದ ಹಡಗು ನಮ್ಮದು. ಎರಡು ಕೂವೆಮರ, ಸಲಾಮು ಹೊಡೆಯಲು ಎರಡು ಪುಟ್ಟ ಫಿರಂಗಿ. ಟಿಕೆಟ್ ತೆಗೆದು ಬಂದವರಿಗೆ ಹಗ್ಗ ಎಳೆಯುವುದನ್ನು ಕಲಿಸಿ, ಅವರನ್ನೇ ನಾವಿಕರನ್ನಾಗಿ ಮಾಡಿಕೊಂಡು ಹೋಗುತ್ತೇವೆ. ಆ ಕಾಲದಲ್ಲಿ ಮೀಸೆ ಸರಿಯಾಗಿ ಮೂಡದ ಹುಡುಗರು ಯುದ್ಧನೌಕೆ ನಡೆಸುತ್ತಿದ್ದರಂತೆ. ನನಗೆ ಇಪ್ಪತ್ತೆಂಟು. ನಾನು ‘ಇನ್ನೂ ಚಿಕ್ಕವಳು.’

ಈ ದಿನಚರಿ ಕನ್ನಡದಲ್ಲಿ ಏಕೆಂದರೆ ಕಪ್ತಾನರ ಕ್ಯಾಬಿನ್ನಿಗೆ ಚಿಲಕವಿಲ್ಲ. ನಕ್ಷೆಗಳೆಲ್ಲ ಅಲ್ಲೇ ಇರುವುದರಿಂದ ಎಲ್ಲರೂ ನುಗ್ಗುತ್ತಾರೆ. ಮೈಸೂರಿನಲ್ಲಿ ಒಂಬತ್ತನೇ ಕ್ಲಾಸಿನವರೆಗೆ ಕನ್ನಡ ಓದಿದ್ದಕ್ಕೆ ಇಷ್ಟಾದರೂ ಲಾಭ ಬೇಡವೇ? ಯಾರನ್ನು ಬೇಕಾದರೂ ಬೈಯಬಹುದು.

ಫೆಬ್ರವರಿ ೭, ಶುಕ್ರವಾರ. ಸ್ಕೋಫೀಲ್ಡ್ಸ್

ಅಮ್ಮನಿಗೆ ಹೇಳಿ ಹೋಗೋಣವೆಂದು ಮನೆಗೆ ಬಂದೆ. ಬರಬಾರದಿತ್ತು.

ಅಮ್ಮನಿಗೆ ಸಂತೋಷವಾಯಿತು. ಕ್ಯಾಪ್ಟನ್ ಅಂದರೆ ಸಂಬಳ ಜಾಸ್ತಿಯೇ ಎಂದು ಕೇಳಿ, ಅಲ್ಲ ಅಂದಾಗಲೂ ಸಂತೋಷವಾಗಿಯೇ ಇದ್ದಳು. ಅಪ್ಪ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಏನ್ರೀ, ನಿವೇದಿತಾ ಕ್ಯಾಪ್ಟನ್ ಆಗಿದಾಳಂತೆ."

"ಗೊತ್ತಾಯ್ತು ಅನಸೂಯಾ. ಮೊದಲು ಕ್ಲೀನರ್ ಆಗಿದ್ಲು, ಈಗ ಡ್ರೈವರ್."

ನಾರ್ತ್ ಸಿಡ್ನಿಯ ಬ್ಯಾಂಕಿನ ಕೆಲಸ ಬಿಟ್ಟು ಎರಡು ವರ್ಷವಾಯಿತು. ಎರಡು ವರ್ಷದಿಂದ ಇದೇ ಮಾತು. ಇಷ್ಟು ಓದಿಸಿದ್ದು ಡ್ರೈವರ್ ಆಗೋಕಾ? ಅಪ್ಪ ಮೂವತ್ತು ವರ್ಷ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದವರು. ಅವರ ಲೆಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡದ ಕೆಲಸ ಕೆಲಸವಲ್ಲ.

ಊಟ ಮಾಡದೆ ಎದ್ದು ಬಂದೆ. ಅಮ್ಮ ಗೇಟಿನವರೆಗೆ ಬಂದು ಚಟ್ನಿಪುಡಿ ಡಬ್ಬಿ ಕೊಟ್ಟಳು. ಅವಳ ಮುಖದಲ್ಲಿ ಏನೋ ಕಳ್ಳತನವಿತ್ತು. ಕೇಳುವಷ್ಟು ತಾಳ್ಮೆ ನನಗಿರಲಿಲ್ಲ.

ಫೆಬ್ರವರಿ ೮, ಶನಿವಾರ. ಸಿಡ್ನಿ ಬಂದರು, ಹಡಗಿನಲ್ಲಿ

ಅಮ್ಮನ ಕಳ್ಳತನ ಏನೆಂದು ತಿಳಿಯಿತು.

ಬೆಳಿಗ್ಗೆ ಟಿಕೆಟ್ಟಿನವರು ಒಬ್ಬೊಬ್ಬರಾಗಿ ಹಲಗೆ ಹತ್ತಿ ಬರುತ್ತಿದ್ದರು. ನಮ್ಮ ಮೇಟ್ ಬ್ರೆಟ್, ಎಂದರೆ ಕಪ್ತಾನರಿಗೆ ಎರಡನೆಯವನು, ಹೆಸರು ಕೂಗಿ ಗುರುತು ಹಾಕಿಕೊಳ್ಳುತ್ತಿದ್ದ. "ಜಿ. ದತ್ತ" ಎಂದು ಕೂಗಿದ. ಬಂದದ್ದು ನಮ್ಮಪ್ಪ ಗುರುದತ್ತ. ಚಕ್ರದ ಸೂಟ್‌ಕೇಸ್ ಎಳೆದುಕೊಂಡು! ಮೆತ್ತನೆಯ ಚೀಲ ಮಾತ್ರ ತನ್ನಿ ಎಂದು ದಪ್ಪಕ್ಷರದಲ್ಲಿ ಬರೆದು ಕಳಿಸಿರುತ್ತೇವೆ.

ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳಿದೆ, "ಇದೇನಿದು?"

"ನಿಮ್ಮಮ್ಮ ಬುಕ್ ಮಾಡಿದ್ಲು. ಕ್ಯಾನ್ಸಲ್ ಮಾಡಿದ್ರೆ ರೀಫಂಡ್ ಇಲ್ವಂತೆ."

"ನಾನೇನ್ ಮಾಡ್ತೀನಿ ಅಂತ ಕಾಯೋಕೆ ಬಂದ್ರಾ?"

"ನೀರಲ್ಲಿ ಎಲ್ಲಿಗೆ ಹೋಗ್ತೀಯ ಕಾಯೋಕೆ? ನಿಮ್ಮಮ್ಮನಿಗೆ ಭಯ, ಅದಕ್ಕೆ ಬಂದೆ."

"ಬಂದಿದ್ದೀರಿ, ಸರಿ. ಇಲ್ಲಿ ನಾನು ನಿಮ್ಮ ಮಗಳಲ್ಲ. ಎಲ್ಲರ ಹಾಗೆ ನೀವೂ ಕ್ಯಾಪ್ಟನ್ ಅಂತಲೇ ಕರೀಬೇಕು. ಹೇಳಿದ್ದು ಕೇಳಬೇಕು."

ಅಪ್ಪ ಹಡಗಿಗೆಲ್ಲ ಕೇಳುವಂತೆ, "ಆಗಲಿ ಕ್ಯಾಪ್ಟನಮ್ಮಾ" ಅಂದರು.

ಸಂಜೆಯ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ. ಅಡುಗೆಮನೆಯವನು ಕೂಡ ‘ಕ್ಯಾಪ್ಟನ್ ಅಮ್ಮ, ಚಹಾ’ ಅನ್ನುತ್ತಾನೆ. ಸೂಟ್‌ಕೇಸನ್ನು ದಡಕ್ಕೆ ವಾಪಸ್ ಕಳಿಸಿ, ಅಪ್ಪನ ಬಟ್ಟೆಗಳನ್ನು ಕಸದ ಚೀಲಕ್ಕೆ ತುಂಬಿಸಿದೆ. ಇದರಿಂದ ಬಹಳ ಸಮಾಧಾನವಾಯಿತು.

ಫೆಬ್ರವರಿ ೯, ಭಾನುವಾರ. ಕಡಲಿನಲ್ಲಿ

ಸೇತುವೆಯ ಕೆಳಗೆ ಹಾದು, ಬಂದರಿನ ಬಾಯಿ ದಾಟಿ, ದಕ್ಷಿಣಕ್ಕೆ ತಿರುಗಿದೆವು. ಮೊದಲ ಅಪ್ಪಣೆ ಕೊಡುವಾಗ ನನ್ನ ದನಿ ಒಡೆಯಿತು. ಎರಡನೆಯದು ಒಡೆಯಲಿಲ್ಲ. ಹಾಯಿಗಳು ಒಂದೊಂದಾಗಿ ತುಂಬಿದಾಗ ಆದ ಸಂತೋಷವನ್ನು ಬ್ಯಾಂಕಿನವರು ಯಾವ ಬೋನಸ್ಸಿನಲ್ಲೂ ಕೊಡಲಾರರು.

ಅಪ್ಪ ವಾಂತಿ ಮಾಡುತ್ತಿದ್ದಾರೆ. ಬಕೆಟ್ ಕೊಡಿಸಿದ್ದೇನೆ.

ಫೆಬ್ರವರಿ ೧೦, ಸೋಮವಾರ. ಕಡಲಿನಲ್ಲಿ

ಗಾಳಿ ಬಹಳ ಕಡಿಮೆ. ಆಮೆಯ ಹಾಗೆ ಹೋಗುತ್ತಿದ್ದೇವೆ. ಭಾನುವಾರವನ್ನು ನೆನೆದು ಹಲ್ಲು ಕಡಿಯುತ್ತಿದ್ದೇನೆ.

ಅಪ್ಪ ಎದ್ದು ಓಡಾಡುತ್ತಿದ್ದಾರೆ. ಓಡಾಡಿದರೆ ಸುಮ್ಮನಿರುತ್ತಾರೆಯೇ? ಬ್ರೆಟ್‌ಗೆ ಬುದ್ಧಿ ಹೇಳುತ್ತಿದ್ದರು. ಬೆಳಿಗ್ಗೆ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಒಂದು ಮೀಟಿಂಗ್ ಮಾಡಬೇಕು, ಯಾರದು ಯಾವ ಹಗ್ಗ ಅಂತ ಒಂದು ಚಾರ್ಟ್ ಬೇಕು. ಬ್ರೆಟ್ ಟ್ಯಾಸ್ಮೇನಿಯಾದವನು, ಗಡ್ಡದೊಳಗೇ ನಗುವ ಜಾತಿ. ಚಾರ್ಟ್ ಚೆನ್ನಾಗಿಯೇ ಆಯಿತು. ನನಗೆ ಅದೂ ಸಿಟ್ಟು.

ಮಧ್ಯಾಹ್ನ ಅಪ್ಪ ಸೊಂಟದ ಹಗ್ಗವನ್ನು ಕಂಬಿಗೆ ಸಿಕ್ಕಿಸಿಕೊಳ್ಳದೆ ಹಡಗಿನ ಅಂಚಿನ ಮೇಲೆ ನಿಂತಿದ್ದರು. ಎಲ್ಲರ ಮುಂದೆ ಬೈದೆ. "ಜಿ. ದತ್ತ, ಆ ಹಗ್ಗ ನಿಮ್ಮ ಅಲಂಕಾರಕ್ಕಲ್ಲ. ಇನ್ನೊಂದು ಸಲ ಹೀಗೆ ಕಂಡರೆ ಕೆಳಗೆ ಕೂರಿಸುತ್ತೇನೆ" ಅಂತ, ಇಂಗ್ಲಿಷಿನಲ್ಲಿ. ಅಪ್ಪ ಕೆಂಪಾದರು. ಹಗ್ಗ ಸಿಕ್ಕಿಸಿಕೊಂಡು, "ಯೆಸ್ ಕ್ಯಾಪ್ಟನ್" ಅಂದರು. ಕೊನೆಗೆ ‘ಅಮ್ಮ’ ಸೇರಿಸಲಿಲ್ಲ.

ನಾನು ಹೇಳಿದ್ದು ಸರಿ. ನೂರಕ್ಕೆ ನೂರು ಸರಿ. ಇನ್ನೂ ಸ್ವಲ್ಪ ಮೆತ್ತಗೆ ಹೇಳಬಹುದಿತ್ತೇನೋ. ಡ್ರೈವರ್ ಅಂದವರಿಗೆ ಮೆತ್ತಗೆ ಏಕೆ ಹೇಳಬೇಕು?

ಫೆಬ್ರವರಿ ೧೧, ಮಂಗಳವಾರ. ಮಾಂಟೇಗ್ ದ್ವೀಪದ ಆಚೆ

ಅಕ್ಷರ ಕೆಟ್ಟದಾಗಿದೆ, ಪರವಾಗಿಲ್ಲ.

ಬೆಳಿಗ್ಗೆಯಿಂದ ಜಿನುಗುಮಳೆ. ಹಿಂದಿನಿಂದ ಒಳ್ಳೆಯ ಗಾಳಿ, ಹಡಗು ಓಡುತ್ತಿತ್ತು. ಬಲಗಡೆ ದೂರದಲ್ಲಿ ಕರಾವಳಿ, ಮಳೆಯಲ್ಲಿ ಕಾಣುತ್ತಿರಲಿಲ್ಲ. ನಾನು ದಿಕ್ಕು ಹೇಳಿ, ಬ್ರೆಟ್‌ಗೆ ಪಾಳಿ ಒಪ್ಪಿಸಿ, ತಿಂಡಿಗೆ ಹೋದೆ. ವಾಪಸ್ ಬಂದು ಕ್ಯಾಬಿನ್ನಿನ ಕಂಪ್ಯೂಟರಿನಲ್ಲಿ ನೋಡಿದರೆ ನಾವು ಇರಬೇಕಾದ ಕಡೆ ಇಲ್ಲ. ದಡದ ಕಡೆಗೆ ಬಹಳ ಸರಿದುಬಿಟ್ಟಿದ್ದೇವೆ. ಮೇಲಕ್ಕೆ ಓಡಿದೆ. ಮೊದಲು ಕಿವಿಗೆ ಬಿದ್ದದ್ದು ಸೀಲ್‌ಗಳ ಕೂಗು. ಆಮೇಲೆ ಅಲೆ ಬಂಡೆಗೆ ಬಡಿಯುವ ಸದ್ದು. ಮಳೆಯ ಪರದೆಯ ಹಿಂದೆ, ನೇರ ಮುಂದೆ, ದ್ವೀಪ.

ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಎಲ್ಲರೂ ಹಗ್ಗಕ್ಕೆ ಹಾರಿದರು. ಅಪ್ಪನ ಚಾರ್ಟಿನ ಪ್ರಕಾರವೇ ಹಾರಿದರು, ಅದನ್ನೂ ಬರೆಯಬೇಕು. ಹಡಗು ವಾಲಿ, ತಿರುಗಿ, ಬಂಡೆಗಳನ್ನು ಬಲಗಡೆ ಬಿಟ್ಟು ಹೊರಬಂತು. ಬಂಡೆಯ ಮೇಲಿನ ಸೀಲ್‌ಗಳ ಮುಖ ಕಾಣುತ್ತಿತ್ತು, ಅಷ್ಟು ಹತ್ತಿರ.

ಬ್ರೆಟ್ ಮೇಲೆ ಹರಿಹಾಯ್ದೆ. ನಿದ್ದೆ ಮಾಡುತ್ತಿದ್ದೆಯಾ, ಚುಕ್ಕಾಣಿ ಹಿಡಿಯಲು ಬರುವುದಿಲ್ಲವೇ, ಎಲ್ಲ. ಅವನು ತಣ್ಣಗೆ, "ನೀನು ಕೊಟ್ಟ ದಿಕ್ಕಿನಲ್ಲೇ ಇದ್ದೇನೆ. ದಿಕ್ಸೂಚಿ ನೋಡು" ಅಂದ. ನೋಡಿದೆ. ದಿಕ್ಸೂಚಿ ದಕ್ಷಿಣ ಅನ್ನುತ್ತಿದೆ, ಹಡಗು ನೈಋತ್ಯಕ್ಕೆ ಹೋಗುತ್ತಿದೆ.

ದಿಕ್ಸೂಚಿ ಕೂರುವ ಹಿತ್ತಾಳೆ ಪೆಟ್ಟಿಗೆಯ ಸುತ್ತ ತಡಕಿದೆ. ಹಿಂಬದಿಯಲ್ಲಿ, ಮುಚ್ಚಳದ ಕೆಳಗೆ, ಬೆರಳಿಗೆ ಏನೋ ಸಿಕ್ಕಿತು. ಹೆಬ್ಬೆರಳಿನಷ್ಟು ಗಣಪತಿ. ಹಣೆಗೆ ಹೊಸ ಕುಂಕುಮ. ಅರಿಶಿನದ ದಾರದಿಂದ ಭದ್ರವಾಗಿ ಕಟ್ಟಿದೆ.

ನನಗೆ ಈ ಗಣಪತಿ ಗೊತ್ತು. ಮೈಸೂರಿನಲ್ಲಿ ತಾತನ ಫಿಯೆಟ್ ಕಾರಿನಲ್ಲಿ ಕೂತಿದ್ದವನು. ಆ ಕಾಲದ ತಗಡಿನ ಡ್ಯಾಶ್‌ಬೋರ್ಡಿಗೆ ಅಂಟಲಿ ಎಂದು ಪೀಠದೊಳಗೆ ಅಯಸ್ಕಾಂತ. ನಮ್ಮಪ್ಪನ ಈಗಿನ ಕಾರಿನಲ್ಲಿ ಎಲ್ಲ ಪ್ಲಾಸ್ಟಿಕ್, ಅದಕ್ಕೆ ಅಲ್ಲೂ ದಾರದಿಂದಲೇ ಕಟ್ಟಿರುತ್ತಾರೆ. ಅಯಸ್ಕಾಂತ ಇದೆ ಎನ್ನುವುದೇ ಮರೆತುಹೋಗಿದೆ. ಹೊಸ ಗಾಡಿ, ಮುಂದೆ ಗಣಪತಿ ಬೇಕು, ಕಟ್ಟಿದರು. ಗಾಡಿಯ ಮುಂಭಾಗ ಯಾವುದು? ಚುಕ್ಕಾಣಿ ಹಿಡಿಯುವವನ ಕಣ್ಣೆದುರು ಇರುವುದು.

ಅಪ್ಪನನ್ನು ಕರೆಸಿದೆ. "ಇದನ್ನು ಯಾವಾಗ ಕಟ್ಟಿದ್ರಿ?"

"ಇವತ್ತು ಬೆಳಿಗ್ಗೆ. ನೀನು ತಿಂಡಿಗೆ ಹೋದಾಗ, ಬ್ರೆಟ್ ಹಾಯಿ ಕಡೆ ನೋಡ್ತಿದ್ದ. ನೋಡಿದ್ರೆ ಬೈತೀಯ ಅಂತ..."

"ಅಪ್ಪಾ, ನೀವು ಇಂಜಿನಿಯರ್! ಇದರಲ್ಲಿ ಮ್ಯಾಗ್ನೆಟ್ ಇದೆ! ದಿಕ್ಸೂಚಿ ಪಕ್ಕ!"

ಅವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಮುಖದಲ್ಲಿ ರಕ್ತವೇ ಇಲ್ಲ. ಹಿಂದಕ್ಕೆ ತಿರುಗಿ ದ್ವೀಪ ನೋಡಿದರು. ತಲೆ ಎಣಿಸುವವರ ಹಾಗೆ ಡೆಕ್ಕಿನ ಮೇಲಿದ್ದ ಒಬ್ಬೊಬ್ಬರನ್ನೂ ನೋಡಿದರು.

"ಡ್ರೈವರ್ ಅಂದ್ರಲ್ಲ, ಡ್ರೈವರ್‌ಗೆ ಅಂತ ಗಣಪತಿ ತಂದ್ರಾ?" ಅಂದೆ. ಬೇಕಿರಲಿಲ್ಲ ಆ ಮಾತು. ಬಾಯಿಗೆ ಬಂತು, ಅಂದೆ.

ಅಪ್ಪ ತಲೆ ತಗ್ಗಿಸಿ, ಪೆಟ್ಟಿಗೆಯ ಮೇಲೆ ಉಳಿದಿದ್ದ ಕುಂಕುಮವನ್ನು ತೋಳಿನಿಂದ ಒರೆಸಿದರು. ತಲೆ ತಗ್ಗಿಸಿದ ಅಪ್ಪನನ್ನು ನಾನು ಇದೇ ಮೊದಲು ನೋಡಿದ್ದು. ಎರಡು ವರ್ಷದಿಂದ ಇದನ್ನೇ ನೋಡಬೇಕು ಅಂತ ಆಸೆಪಟ್ಟಿದ್ದೆ. ನೋಡಿದರೆ ಏನೂ ಚೆನ್ನಾಗಿರಲಿಲ್ಲ.

ಬ್ರೆಟ್ ಹತ್ತಿರ ಕ್ಷಮೆ ಕೇಳಿದೆ. ಅವನು ಭುಜ ಕುಣಿಸಿ, "ಯಾರಿಗೂ ಏನೂ ಆಗಿಲ್ಲ, ಬರೆಯದೇ ಇದ್ದರೂ ನಡೆಯುತ್ತದೆ" ಅಂದ. ನಡೆಯುವುದಿಲ್ಲ. ಹಡಗಿನ ಪುಸ್ತಕದಲ್ಲಿ ಬರೆದೆ: ದಿಕ್ಸೂಚಿಯ ಬಳಿ ಅಯಸ್ಕಾಂತ ಬಂದಿತ್ತು, ಪಾಳಿಯ ನಡುವೆ ಅದನ್ನು ಪರೀಕ್ಷಿಸುವ ವ್ಯವಸ್ಥೆ ಮಾಡದೇ ಇದ್ದದ್ದು ಕಪ್ತಾನಳ ತಪ್ಪು. ಬ್ರೆಟ್ ಹೆಸರಿಲ್ಲ, ಅಪ್ಪನ ಹೆಸರಿಲ್ಲ. ಹಡಗು ನನ್ನದು ಅಂದಮೇಲೆ ಅದರ ಬಂಡೆಗಳೂ ನನ್ನವೇ.

ಗಣಪತಿಯನ್ನು ನನ್ನ ಕಾಲುಚೀಲದ ಡ್ರಾಯರಿನಲ್ಲಿ ಹಾಕಿದ್ದೇನೆ. ಅಲ್ಲಿ ಯಾವ ದಿಕ್ಕನ್ನೂ ಕೆಡಿಸಲಾರ.

ಫೆಬ್ರವರಿ ೧೨, ಬುಧವಾರ. ಈಡನ್ ಊರಿನ ಕೊಲ್ಲಿಯಲ್ಲಿ, ಲಂಗರು ಹಾಕಿ

ಬೆಳಿಗ್ಗೆ ಈಡನ್ ಕೊಲ್ಲಿಯ ಬಾಯಿ ಮುಟ್ಟಿದಾಗ ಡಂಕನ್‌ಗೆ ನಾನೇ ಫೋನ್ ಮಾಡಿ ನಿನ್ನೆಯದನ್ನು ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಈಗ ನಿನ್ನನ್ನು ಉಳಿಸುವುದು ಭಾನುವಾರ ಒಂದೇ. ಬೋರ್ಡಿನ ಕಣ್ಣೆದುರು ಜೋರಾಗಿ ಬಂದು ನಿಲ್ಲು. ಉಳಿದದ್ದನ್ನು ಮರೆಸಲು ನೋಡುತ್ತೇನೆ" ಅಂದ.

ಅದಾದ ಮೇಲೆ ಹವಾಮಾನದ ವರದಿ ಬಂತು. ನಾಳೆಯಿಂದ ಬಾಸ್ ಜಲಸಂಧಿಯಲ್ಲಿ ನೈಋತ್ಯದ ಬಿರುಗಾಳಿ, ಶನಿವಾರದವರೆಗೆ. ನಾವು ಹೋಗಬೇಕಾದದ್ದು ಅದರ ಬಾಯಿಗೇ. ಎದುರುಗಾಳಿ, ಆಳವಿಲ್ಲದ ನೀರಿನಲ್ಲಿ ಗೋಡೆಯಂತೆ ಏಳುವ ಅಲೆ.

ಬ್ರೆಟ್ ಹೇಳಿದ, "ಪೆಟ್ರೆಲ್ ಇದಕ್ಕಿಂತ ಕೆಟ್ಟದ್ದು ನೋಡಿದೆ. ರಾಸ್ ಆಗಿದ್ದರೆ ಹೋಗುತ್ತಿದ್ದರು."

ನಾನೂ ಹೊರಡುವವಳಿದ್ದೆ, ಸುಳ್ಳೇಕೆ ಹೇಳಲಿ. ಪೆಟ್ರೆಲ್ ಅನ್ನುವುದೇ ಬಿರುಗಾಳಿಗೆ ಹೆದರದ ಕಡಲಹಕ್ಕಿಯ ಹೆಸರು. ಬಿರುಗಾಳಿ ಸೀಳಿಕೊಂಡು ಬಂದು ಡಂಕನ್ ಮುಖದ ಮುಂದೆ ಫಿರಂಗಿ ಹಾರಿಸಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಎಲ್ಲರನ್ನೂ ಡೆಕ್ಕಿನ ಮೇಲೆ ಕರೆದು, ಹೋಗುತ್ತಿದ್ದೇವೆ, ಕಷ್ಟವಾಗುತ್ತದೆ, ಸಿದ್ಧರಾಗಿ ಅಂದೆ. ಕೆಲವರ ಮುಖ ಬಿಳುಚಿತು. ಹಿಂದಿನ ಸಾಲಿನಲ್ಲಿ ಅಪ್ಪ ನಿಂತಿದ್ದರು. ನಿನ್ನೆಯಿಂದ ಊಟ ಬಿಟ್ಟಿದ್ದಾರೆ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ತಪ್ಪು ಕೊಂಡಿಗೆ ಹಾಕಿಕೊಂಡು, ಸೊಂಟದ ಹಗ್ಗವನ್ನು ಆಗಲೇ ಕಂಬಿಗೆ ಸಿಕ್ಕಿಸಿಕೊಂಡಿದ್ದರು, ನೀರು ನಿಶ್ಚಲವಾಗಿದ್ದರೂ.

ಹತ್ತಿರ ಹೋಗಿ ಪಟ್ಟಿ ಸರಿಮಾಡುತ್ತಾ ಮೆಲ್ಲಗೆ ಕೇಳಿದೆ, "ಭಯ ಆಗ್ತಿದ್ಯಾ?"

"ಆಗ್ತಿದೆ. ಆದ್ರೆ ನೀನು ಹೋಗೋಣ ಅಂದ್ರೆ ಹೋಗೋಣ."

"ನಿಮಗೇನ್ ಅನ್ಸುತ್ತೆ?"

"ನನಗೇನ್ ಗೊತ್ತು? ಕ್ಯಾಪ್ಟನ್ ನೀನು."

ಹುಟ್ಟಿದಾಗಿನಿಂದ ಎಲ್ಲದಕ್ಕೂ ಅಭಿಪ್ರಾಯವಿರುವ ಮನುಷ್ಯ. ನನ್ನ ಎಂಟನೇ ಕ್ಲಾಸಿನ ಸೈನ್ಸ್ ಮಾಡೆಲ್ಲಿಗೂ ಮೂರು ತಿದ್ದುಪಡಿ ಹೇಳಿದವರು. ಈಗ ‘ನೀನು ಹೇಳು’ ಎಂದು ನಿಂತಿದ್ದಾರೆ, ಹಿಂದೆ ಮುಂದೆ ನೋಡದೆ. ಈ ಹಡಗಿನಲ್ಲಿ ಹೀಗೆ ನಿಂತವರು ಇಷ್ಟೊಂದು ಜನ. ಅವರಲ್ಲಿ ಯಾರಿಗೂ ಡಂಕನ್ ಮುಖ ಗೊತ್ತಿಲ್ಲ.

"ಹೋಗುತ್ತಿಲ್ಲ" ಅಂದೆ ಎಲ್ಲರಿಗೂ. "ಈಡನ್ ಕೊಲ್ಲಿಯೊಳಗೆ ಲಂಗರು ಹಾಕುತ್ತೇವೆ. ಗಾಳಿ ಇಳಿಯುವವರೆಗೆ ಅಲ್ಲೇ."

ಬ್ರೆಟ್ ತಲೆ ಅಲ್ಲಾಡಿಸಿದ, ಲಂಗರು ಇಳಿಸಿದ.

ಭಾನುವಾರ ಹೋಯಿತು. ಹೋಗಲಿ.

ಫೆಬ್ರವರಿ ೧೩, ಗುರುವಾರ

ಗಾಳಿ ಬಂತು. ಕೊಲ್ಲಿಯೊಳಗೇ ಹಗ್ಗಗಳೆಲ್ಲ ಊಳಿಡುತ್ತಿವೆ. ಮಾತು ಕೇಳಿಸುವುದಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಬೆಳಿಗ್ಗೆ ಗಾಳಿ ಒಂದು ಗಳಿಗೆ ಸುಮ್ಮನಾಯಿತು. ಅಷ್ಟಕ್ಕೇ ಡಂಕನ್ ಫೋನ್. ಮೆಲ್ಬರ್ನಿನಲ್ಲಿ ಬಿಸಿಲಂತೆ. ಪೋಸ್ಟರ್ ಅಂಟಿಸಿ ಆಗಿದೆಯಂತೆ. ಈಗಲೇ ಹೊರಟು, ಇಂಜಿನ್ ಹಾಕಿಕೊಂಡಾದರೂ ಬಾ, ಹೊರಡುವುದು ಆದೇಶ ಎಂದುಕೊ ಅಂದ.

ನಾನು ಹೇಳಿದೆ, "ಡಂಕನ್, ಕಾನೂನು ನಿನಗೂ ಗೊತ್ತು. ಹಡಗು ಹೊರಡುವುದೋ ಬೇಡವೋ ಹೇಳುವವಳು ಕಪ್ತಾನಳು. ನನ್ನನ್ನು ಕೆಲಸದಿಂದ ತೆಗೆಯುವುದು ನಿನ್ನ ಕೈಯಲ್ಲಿದೆ. ನನ್ನನ್ನು ಹೊರಡಿಸುವುದು ನಿನ್ನ ಕೈಯಲ್ಲಿಲ್ಲ."

"ಹಾಗಾದರೆ ಮೆಲ್ಬರ್ನಿನಲ್ಲಿ ನಿನ್ನ ಕೆಲಸ ಮುಗಿಯಿತು" ಅಂದ.

"ಮೆಲ್ಬರ್ನ್ ಮುಟ್ಟಿದ ಮೇಲೆ ತಾನೇ" ಅಂದು ನಾನೇ ಫೋನ್ ಇಟ್ಟೆ. ಇಟ್ಟಮೇಲೆ ಅಳು ಬಂತು. ಚಿಲಕವಿಲ್ಲದ ಕ್ಯಾಬಿನ್ನಿನಲ್ಲಿ ಅಳುವುದು ಹೇಗೆ? ನಕ್ಷೆಯ ಮೇಲೆ ಬಗ್ಗಿ, ಅಳತೆ ನೋಡುವವಳ ಹಾಗೆ ಅತ್ತೆ.

ಮಧ್ಯಾಹ್ನ ಬ್ರೆಟ್ ಬಂದು ಬಾಗಿಲಿಗೆ ಒರಗಿ ನಿಂತ. ಡಂಕನ್ ಅವನಿಗೂ ಫೋನ್ ಮಾಡಿದ್ದನಂತೆ. ನೀನೇ ಹಡಗು ತೆಗೆದುಕೊಂಡು ಹೊರಡು, ಮುಂದೆ ನೋಡಿಕೊಳ್ಳುತ್ತೇನೆ ಅಂದನಂತೆ.

"ನೀನೇನಂದೆ?"

"ಇಲ್ಲಿರುವ ಕಪ್ತಾನ ಒಬ್ಬಳೇ, ಅವಳು ಈಗ ಚಹಾ ಕುಡಿಯುತ್ತಿದ್ದಾಳೆ ಅಂದೆ."

"ಬುಧವಾರ ನಿನಗೂ ಹೋಗಬೇಕು ಅಂತಿತ್ತಲ್ಲ?"

"ಈಗಲೂ ಹೋಗಬಹುದು ಅಂತಲೇ ಅನ್ನಿಸುತ್ತದೆ" ಅಂದ. "ಆದರೆ ಮಂಗಳವಾರ ನೀನು ಪುಸ್ತಕದಲ್ಲಿ ನನ್ನ ಹೆಸರು ಬರೆಯಬಹುದಿತ್ತು. ಪಾಳಿ ನನ್ನದಾಗಿತ್ತು." ಗಡ್ಡ ಕೆರೆದುಕೊಂಡು ಹೊರಟುಹೋದ.

ಹತ್ತು ನಿಮಿಷಕ್ಕೆ ಗಾಳಿ ಮತ್ತೆ ಶುರುವಾಯಿತು.

ಫೆಬ್ರವರಿ ೧೫, ಶನಿವಾರ

ಅಪ್ಪ ಅಡುಗೆಮನೆ ಹೊಕ್ಕು ಇಡೀ ಹಡಗಿಗೆ ಉಪ್ಪಿಟ್ಟು ಮಾಡಿದರು. ಮೇಲೆ ಅಮ್ಮನ ಚಟ್ನಿಪುಡಿ. ಬ್ರೆಟ್ ಮೂರು ಸಲ ಹಾಕಿಸಿಕೊಂಡ. ಹಡಗು ವಾಲಿದಾಗೆಲ್ಲ ಅಪ್ಪ ಸೊಂಟದ ಹಗ್ಗವನ್ನು ಒಲೆಯ ಕಂಬಿಗೆ ಸಿಕ್ಕಿಸಿಕೊಂಡೇ ಮಗುಚುತ್ತಿದ್ದರು.

"ಅಡುಗೆಮನೆಯಲ್ಲಿ ಬೇಕಾಗಿಲ್ಲ ಅಪ್ಪ" ಅಂದೆ.

"ಕ್ಯಾಪ್ಟನ್ ರೂಲ್ ಅಂದ್ರೆ ರೂಲ್" ಅಂದರು. ನನಗೆ ನಗು ಬಂತು. ಅವರಿಗೂ.

ಫೆಬ್ರವರಿ ೧೬, ಭಾನುವಾರ. ಕಡಲಿನಲ್ಲಿ

ಬೆಳಿಗ್ಗೆ ಗಾಳಿ ತಿರುಗಿತು. ಲಂಗರು ಎತ್ತಿದೆವು.

ಮಧ್ಯಾಹ್ನ ಒಂದಕ್ಕೆ ವಿಲಿಯಮ್ಸ್‌ಟೌನಿನಲ್ಲಿ ಜನ ನೆರೆದಿರುತ್ತಾರೆ. ನಾವು ಇನ್ನೂ ಕೇಪ್ ಹೌ ಭೂಶಿರ ದಾಟುತ್ತಿದ್ದೆವು. ಉಳಿದುಹೋದ ದೊಡ್ಡ ಅಲೆಗಳ ಮೇಲೆ ಪೆಟ್ರೆಲ್ ಹತ್ತಿ ಇಳಿಯುತ್ತಿತ್ತು. ಚುಕ್ಕಾಣಿ ಅಪ್ಪನ ಕೈಯಲ್ಲಿತ್ತು, ಪಕ್ಕದಲ್ಲಿ ಬ್ರೆಟ್. ಅಪ್ಪ ಕೈ ತೊಳೆದುಕೊಂಡು, ಜೇಬೆಲ್ಲ ಖಾಲಿ ಮಾಡಿ, ಕನ್ನಡಕವನ್ನೂ ತೆಗೆದು ತೋರಿಸಿ, "ಇದ್ರಲ್ಲಿ ಕಬ್ಬಿಣ ಇದ್ಯಾ ನೋಡು" ಅಂದರು. ಕನ್ನಡಕವಿಲ್ಲದೆ ದಿಕ್ಸೂಚಿ ಕಾಣುವುದಿಲ್ಲ, ಹಾಕಿಕೊಳ್ಳಿ ಮಾರಾಯರೇ ಅಂದೆ.

ಒಂದು ಗಂಟೆಯಾದದ್ದು ಯಾವಾಗ ಅಂತ ನಾನು ಗಮನಿಸಲೇ ಇಲ್ಲ.

ಫೆಬ್ರವರಿ ೧೯, ಬುಧವಾರ. ವಿಲಿಯಮ್ಸ್‌ಟೌನ್, ಮೆಲ್ಬರ್ನ್

ಬಂದೆವು. ಎಲ್ಲ ಹಾಯಿ ಬಿಚ್ಚಿಕೊಂಡೇ ಬಂದೆವು. ನೋಡಲು ಇದ್ದವರು ಗಾಳ ಹಾಕುತ್ತಿದ್ದ ಇಬ್ಬರು, ಡಂಕನ್, ನಮ್ಮಮ್ಮ, ಅಮ್ಮನನ್ನು ಕರೆದುಕೊಂಡು ಬಂದಿದ್ದ ಉಮಾಶಂಕರ್ ಅಂಕಲ್. ಅಂಕಲ್ ಅಪ್ಪನ ಹೈಸ್ಕೂಲಿನ ಗೆಳೆಯ, ಇಲ್ಲಿ ಡಾಕ್ಟರ್ ಆಗಿದ್ದು ರಿಟೈರ್ ಆದವರು. ಹಬ್ಬದ ಬ್ಯಾನರ್ ಒಂದು ಕಡೆ ಹರಿದು ಜೋತಾಡುತ್ತಿತ್ತು.

"ಫಿರಂಗಿ ಹೊಡೆಯಲ್ವಾ?" ಎಂದು ಅಪ್ಪ ಕೇಳಿದರು.

"ಪರ್ಮಿಶನ್ ಇದ್ದಿದ್ದು ಭಾನುವಾರಕ್ಕೆ."

ಹಗ್ಗ ದಡಕ್ಕೆ ಬಿತ್ತು. ನಾನು ಹಲಗೆ ಇಳಿಯುವ ಮೊದಲೇ ಅಮ್ಮ ತೆಂಗಿನಕಾಯಿಗೆ ಕರ್ಪೂರ ಹಚ್ಚಿ, ಹಡಗಿಗೆ ನಿವಾಳಿಸಿ, ಎತ್ತಿ ಕಾಂಕ್ರೀಟಿಗೆ ಅಪ್ಪಳಿಸಿದಳು. ಖಾಲಿ ಬಂದರಿನಲ್ಲಿ ಆ ಸದ್ದು ಜೋರಾಗಿಯೇ ಕೇಳಿಸಿತು. ಗಾಳ ಹಾಕುತ್ತಿದ್ದವರು ಬೆಚ್ಚಿಬಿದ್ದರು. ಹಡಗಿನ ಮೇಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಸಲಾಮು ಅಂದರೆ ಅದೇ. ನನಗೆ ಬೇರೆ ಬೇಡ.

ಡಂಕನ್ ಕಾಯಿನೀರು ದಾಟಿಕೊಂಡು ಬಂದ. ಕೀತ್ ನಾಳೆ ಬರುತ್ತಾನೆ ಅಂದ. ಆಮೇಲೆ ದನಿ ತಗ್ಗಿಸಿ, ಬೋರ್ಡಿನ ಮುಂದೆ ಒಂದು ಮಾತು ಹೇಳಿಬಿಡು ಅಂದ. ಈಡನ್‌ನಲ್ಲಿ ನಿಂತದ್ದು ಅನುಭವ ಸಾಲದೆ, ಹೆದರಿ ನಿಂತೆ ಅಂತ. ಅಷ್ಟು ಹೇಳಿದರೆ ಕೀತ್ ಕೈಕೆಳಗೆ ಇಟ್ಟುಕೊಳ್ಳುತ್ತೇವೆ.

"ದಿಕ್ಸೂಚಿಯದು ನನ್ನ ತಪ್ಪು ಅಂತ ಬರೆದಿದ್ದೇನೆ, ಬೇಕಾದರೆ ಇನ್ನೊಂದು ಸಲ ಬರೆದುಕೊಡುತ್ತೇನೆ" ಅಂದೆ. "ಈಡನ್ ನನ್ನ ತಪ್ಪಲ್ಲ. ಅದು ನಾನು ಮಾಡಿದ ಕೆಲಸ. ಅದಕ್ಕೆ ಕ್ಷಮೆ ಕೇಳುವುದಿಲ್ಲ."

"ಹಾಗಾದರೆ ಹಡಗೂ ಇಲ್ಲ."

"ಗೊತ್ತು" ಅಂದೆ.

ಬ್ರೆಟ್‌ಗೆ ಕೀಲಿಕೈಗಳನ್ನು ಒಪ್ಪಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಇಳಿದೆ. ಕೂವೆಮರದ ಕಡೆ ನೋಡಬಾರದು ಅಂದುಕೊಂಡಿದ್ದೆ, ನೋಡಿದೆ.

ದಡದಲ್ಲಿ ಉಮಾಶಂಕರ್ ಅಂಕಲ್ ಅಪ್ಪನ ಬೆನ್ನು ತಟ್ಟುತ್ತಿದ್ದರು. "ಏನಯ್ಯ ಗುರುದತ್ತ, ಮಗಳು ಇಷ್ಟು ದೊಡ್ ಹಡಗು ಓಡಿಸ್ತಾಳಾ!"

ಅಪ್ಪ ಕಸದ ಚೀಲ ಹಿಡಿದು ನಿಂತಿದ್ದರು, ಗಡ್ಡ ಬೆಳೆದು, ಮೂಗಿನ ಸಿಪ್ಪೆ ಸುಲಿದು. "ಓಡಿಸೋಕೆ ಯಾರಿಗಾದ್ರೂ ಬರುತ್ತೆ ಕಣಯ್ಯ" ಅಂದರು. "ಎಲ್ರೂ ಓಡ್ಸು ಓಡ್ಸು ಅಂತಿದ್ರು. ಇವಳು ನಿಲ್ಸಿದ್ಲು."

ನಾನು ಕೇಳಿಸಿಕೊಂಡೆನೆಂದು ಅವರಿಗೆ ಗೊತ್ತಿಲ್ಲ.

ಫೆಬ್ರವರಿ ೨೧, ಶುಕ್ರವಾರ. ಹ್ಯೂಮ್ ಹೈವೇ, ಪೆಟ್ರೋಲ್ ಬಂಕಿನಲ್ಲಿ

ಬಾಡಿಗೆ ಕಾರಿನಲ್ಲಿ ಸಿಡ್ನಿಗೆ ವಾಪಸ್. ಫ್ಲೈಟ್ ಬೇಡ, ಡ್ರೈವ್ ಮಾಡಿಕೊಂಡು ಹೋಗೋಣ ಎಂದು ಅಪ್ಪನೇ ಹಟ ಹಿಡಿದರು. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ. ನಾನು ಮುಂದೆ.

ಬೋರ್ಡಿನ ಸಭೆ ಮುಂದಿನ ಗುರುವಾರ. ಕರೆದಿಲ್ಲ, ಆದರೂ ಹೋಗುತ್ತೇನೆ. ಬ್ರೆಟ್ ಕೂಡ ಬರುತ್ತಾನಂತೆ, ಮೆಸೇಜ್ ಮಾಡಿದ್ದ. ಅವರು ಹಡಗು ಕೊಡುವುದಿಲ್ಲ, ನನಗೆ ಗೊತ್ತು. ಕೊಡದೇ ಇರುವುದು ಯಾಕೆ ಅಂತ ನನ್ನ ಮುಖ ನೋಡಿ ಹೇಳಲಿ. ಇನ್ನೊಂದು ಹಡಗು ಇದ್ದೇ ಇರುತ್ತದೆ. ಹೋಬಾರ್ಟಿನಲ್ಲಿ ಒಂದಿದೆ, ಅರ್ಜಿ ಹಾಕುತ್ತೇನೆ, ಕಪ್ತಾನಳ ಕೆಲಸಕ್ಕೇ.

ಹೊರಡುವಾಗ ಅಪ್ಪ ಕೈ ಚಾಚಿ, "ಗಣಪತಿ ಎಲ್ಲಿ?" ಅಂದರು. ಕಾಲುಚೀಲದ ಗಂಟಿನಿಂದ ತೆಗೆದು ಕೊಟ್ಟೆ. ಈ ಕಾರೂ ಪ್ಲಾಸ್ಟಿಕ್, ಅಂಟಲಿಲ್ಲ. ಕನ್ನಡಿಗೆ ದಾರದಿಂದ ಕಟ್ಟಿ, ನನ್ನ ಕಡೆ ತಿರುಗಿ, "ಇಲ್ಲಿ ಪರವಾಗಿಲ್ವಾ?" ಎಂದು ಕೇಳಿದರು. ಪರವಾಗಿಲ್ಲ ಅಂದೆ.

ಆಲ್ಬರಿ ದಾಟಿದ ಮೇಲೆ ಮುಂದೆ ಒಂದು ಉದ್ದದ ಲಾರಿ ಸಿಕ್ಕಿತು. ರಸ್ತೆ ಕೆಲಸ ನಡೆದು ಒಂದೇ ಸಾಲು. ಎದುರಿನಿಂದ ಗಾಡಿಗಳು. ನಮ್ಮಪ್ಪ ಇಂಥ ಕಡೆ ಬೈದುಕೊಂಡು ನುಗ್ಗುವ ಜಾತಿ, ಮೈಸೂರಿನಿಂದಲೂ. ಇವತ್ತು ನುಗ್ಗಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಕೇಳಿದರು.

"ಕ್ಯಾಪ್ಟನಮ್ಮಾ, ಓವರ್‌ಟೇಕ್ ಮಾಡ್ಲಾ?"

ಮುಂದೆ ನೋಡಿದೆ.

"ಬೇಡ" ಅಂದೆ. "ಸ್ವಲ್ಪ ಕಾಯಿರಿ."

ಕಾದರು.